ಒಂದು ಸಲ ಬಡಿದರೆ ಹೌದು

ಬಸವಕಲ್ಯಾಣ
1 ಜೂನ್ 2025

ಚಿರಂಜೀವಿ ಉಜ್ವಲಾಳಿಗೆ ನಿನ್ನ ಮಾಮಾ ಗುರುನಾಥ ಮಾಡುವ ಆಶೀರ್ವಾದಗಳು.

ಮೊದಲು ಆದ ಖರ್ಚು ಬರೆಯುತ್ತೇನೆ. ಹೂವು, ವಿಭೂತಿ, ಬಿಲ್ವಪತ್ರಿಗೆ ಎರಡು ಸಾವಿರದ ಒಂದು ನೂರು. ಕುಣಿ ತೋಡಿದವರಿಗೆ ಮೂರು ಸಾವಿರ, ಚಹಾ ಬೇರೆ. ಜಂಗಮರಿಗೆ ಸಾವಿರದ ಒಂದು. ಸೀರೆಯ ಖರ್ಚಿಲ್ಲ, ನೀನು ವಿಮಾನ ಹತ್ತುವ ಮುಂದೆ ಕೊಡಿಸಿದ್ದ ನೀಲಿ ಸೀರೆಯ ಮಡಿಕೆಯನ್ನು ಇನ್ನೂ ಬಿಚ್ಚಿರಲಿಲ್ಲ, ಅದನ್ನೇ ಉಡಿಸಿದೆವು. ಗಾಡಿಯ ಬಾಡಿಗೆಯೂ ಇಲ್ಲ. ಲಾರಿಗಳಿಗೆ ಬಾಡಿ ಕಟ್ಟುವ ನನ್ನ ಶೆಡ್ಡಿನಲ್ಲಿ ನಿಲ್ಲಿಸಿದ್ದ ಗಿರಾಕಿಯ ಲಾರಿಯಲ್ಲೇ ಹುಮನಾಬಾದಕ್ಕೆ ಒಯ್ದೆವು. ಬಣ್ಣ ಒಣಗಿರಲಿಲ್ಲ. ಹಿಡಿದು ನಿಂತವರ ಕೈಗೆಲ್ಲ ಹಸಿರು ಹತ್ತಿತು.

ನನಗೆ ಅಳಲು ಬರುವುದಿಲ್ಲ, ಲೆಕ್ಕ ಬರುತ್ತದೆ. ಅದಕ್ಕೇ ಅದನ್ನು ಮೊದಲು ಬರೆದೆ. ಈಗ ವಿಷಯ. ಉಜ್ಜು, ನಿನ್ನ ಅವ್ವ, ನನ್ನ ಅಕ್ಕ ಮಾಣಿಕಮ್ಮ, ಮೊನ್ನೆ ಶುಕ್ರವಾರ ಬೆಳಗ್ಗೆ ನಮ್ಮ ಮನೆಯಲ್ಲಿ ಲಿಂಗೈಕ್ಯಳಾದಳು. ಜನವರಿಯ ಲಕ್ವಾ ಆಕೆಯ ಮಾತನ್ನೂ ಬಲಗೈಯನ್ನೂ ಒಯ್ದಿತ್ತು. ಈ ಸಲದ್ದು ಉಳಿದದ್ದನ್ನು ಒಯ್ದಿತು. ನಿನ್ನ ಅಪ್ಪನ ಪಕ್ಕದಲ್ಲೇ ಮಣ್ಣು ಕೊಟ್ಟೆವು.

ಆ ಮುಂಜಾನೆ ಉಸಿರು ಎಳೆಯತೊಡಗಿದಾಗ ಕೇಳಿದೆ, "ಅಕ್ಕಾ, ಉಜ್ಜಿನ ಕರಸ್ಲೇನ?" ಎಡಗೈಯಿಂದ ಮಂಚದ ಪಟ್ಟಿಗೆ ಎರಡು ಸಲ ಬಡಿದಳು. ಎರಡು ಬಡಿದರೆ ಬೇಡ ಎಂದಲ್ಲವೇ? ಹುಮನಾಬಾದ ಬಸ್‌ಸ್ಟ್ಯಾಂಡಿನ ಖಾನಾವಳಿಯಲ್ಲಿ ರೊಟ್ಟಿ ಬಡಿದು ಬಡಿದು ನಿನ್ನನ್ನು ಓದಿಸಿದ ಕೈ ಅದು. ಅದರ ಮಾತು ನನಗೆ ಹುಕುಂ.

ಮಣ್ಣು ಮಾಡಿ ಬಂದ ಮೇಲೆ ಓಣಿಯ ಸಖುಬಾಯಿ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ತಾಕೀತು ಮಾಡಿದಳು. "ಹುಡಿಗಿ ಪರೀಕ್ಷಿ ಮುಗಿಯೂತನಕ ಯಾರೂ ತುಟಿ ಬಿಚ್ಚಬ್ಯಾಡ್ರಿ. ನಮ್ಮ ಶೈಲೇಶ ಮಿಲಿಟ್ರಿದಾಗಿದ್ದಾಗ ಅವರಪ್ಪ ಸತ್ತದ್ದು ಅವ ರಜಾಕ್ಕ ಬಂದಮ್ಯಾಲೇ ಹೇಳಿದ್ವಿ. ಮೊದಲ ಉಣಿಸಿದ್ವಿ, ಆಮ್ಯಾಲ ಹೇಳಿದ್ವಿ. ಏನಾತು? ಉಂಡು ಅತ್ತ." ಓಣಿಯೆಲ್ಲ ಹೂಂ ಎಂದಿತು. ಚೌಕಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸನ್ನೂ ಕಟ್ಟಿಸಲಿಲ್ಲ. ಯಾರಾದರೂ ಫೋಟೋ ಹೊಡೆದು ಬಿಟ್ಟರೆ ಅದು ಮೆಲ್ಬರ್ನ್ ಮುಟ್ಟುವುದು ಹುಮನಾಬಾದದ ಬಸ್ಸಿಗಿಂತ ಜಲ್ದಿ.

ಈ ಪತ್ರವನ್ನೂ ಕಳಿಸುವುದಿಲ್ಲ. ಪರೀಕ್ಷೆ ಮುಗಿಯಲಿ.

ಗುರುನಾಥ


ಮೆಲ್ಬರ್ನ್
8 ಜೂನ್ 2025

ತೀರ್ಥಸ್ವರೂಪ ಮಾಮಾ ಅವರಿಗೆ ಉಜ್ವಲಾಳ ನಮಸ್ಕಾರಗಳು.

ಫೋನ್ ಮಾಡಿದರೆ "ಶೆಡ್ಡಿನಾಗ ವೆಲ್ಡಿಂಗ್ ಸಪ್ಪಳ, ಏನೂ ಕೇಳ್ಸಲ್ಲ, ಬರ್ದು ಕಳಿಸು" ಎನ್ನುತ್ತೀರಿ. ಸರಿ, ಬರೆಯುತ್ತಿದ್ದೇನೆ. ಖಾಜಾ ಅಣ್ಣನ ಝೆರಾಕ್ಸ್ ಅಂಗಡಿಗೆ ಕಳಿಸಿದರೆ ಪ್ರಿಂಟ್ ತೆಗೆದು ಕೊಡುತ್ತಾನಂತೆ. ನೀವು ಬರೆದದ್ದರ ಫೋಟೋ ನನಗೆ ಕಳಿಸಲಿ.

ಬುಧವಾರದಿಂದ ಪರೀಕ್ಷೆ. ಅಕೌಂಟ್ಸಿಗೆ ಹೆದರಿಕೆಯಿಲ್ಲ. ನಿಮ್ಮ ಸೋದರ ಸೊಸೆ ಲೆಕ್ಕದಲ್ಲಿ ನಪಾಸಾದರೆ ಬಸವಕಲ್ಯಾಣದ ಲಾರಿಗಳು ನಗುತ್ತವೆ.

ಖುಷಿಯ ಸಂಗತಿ ಒಂದಿದೆ, ನೀವು ಮುಚ್ಚಿಟ್ಟದ್ದು. ವಿಡಿಯೋದಲ್ಲಿ ಅವ್ವ ಸೊಟ್ಟ ಬಾಯಿಗೆ ಸೆರಗು ಎಳೆದುಕೊಳ್ಳುತ್ತಾಳೆಂದು ಅದನ್ನು ಕೇಳುವುದೇ ಬಿಟ್ಟಿದ್ದೇನೆ. ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ, ನಮಗಿಬ್ಬರಿಗೂ ಅಷ್ಟೇ ಸಾಕು. ಮೊನ್ನೆ ಪೂನಂ ಮಾಮಿ ಫೋನ್ ಹಿಡಿದಿದ್ದಾಗ "ಉಂಡಿ ಏನವ್ವಾ?" ಎಂದೆ. ಟಕ್! ಎಷ್ಟು ಜಲ್ದಿ! ಮೊದಲೆಲ್ಲ ನಾನು ಮೂರು ಸಲ ಕೇಳಿದ ಮೇಲೆ ಆ ಬೆರಳು ಏಳುತ್ತಿತ್ತು. ಕೈಗೆ ಶಕ್ತಿ ಬಂದಿದೆ ಮಾಮಾ. ಆಶ್ಚರ್ಯ ಮಾಡಬೇಕೆಂದು ನೀವು ಹೇಳಿಲ್ಲ, ಗೊತ್ತಾಯಿತು.

ನಿಮ್ಮ ಉಜ್ಜು


ಬಸವಕಲ್ಯಾಣ
6 ಜುಲೈ 2025

ಚಿ. ಉಜ್ವಲಾಳಿಗೆ ಆಶೀರ್ವಾದಗಳು.

ಎಲ್ಲ ಪೇಪರಿನಲ್ಲೂ ಪಾಸಾದ ಸುದ್ದಿ ಮುಟ್ಟಿತು. ಶೆಡ್ಡಿನಲ್ಲಿ ಪೇಢೆ ಹಂಚಿದೆ. ತುಕ್ಕು ಕೆರೆಯುವ ಕೆಲಸಕ್ಕೆ ಸೇರಿದ ನಾನು ಎಂಟನೇ ತರಗತಿ ಕಲಿತವನು, ನನ್ನ ಸೊಸೆ ಸಮುದ್ರದಾಚೆ ಪಾಸು. ಬೆಲೆ ಕಟ್ಟಿದರೆ ಲಾರಿಗಿಂತ ದೊಡ್ಡದು.

ಒಂದು ಮಾತು ಹೇಳಬೇಕಿತ್ತು, ಪರೀಕ್ಷೆ ಮುಗಿಯಲಿ ಎಂದು ಇಟ್ಟುಕೊಂಡಿದ್ದೆ. ಅದು ಏನೆಂದರೆ ಅವ್ವನ ವಿಷಯ. ನೀನು ಊಹಿಸಿದ್ದು ಬರಾಬರ್ ಇದೆ. ಹುಲಸೂರಿನ ದಿಗಂಬರ ಎಂಬ ಮಾಲೀಸಿನವನು ದಿನಾ ಬರುತ್ತಾನೆ. ಎಳ್ಳೆಣ್ಣೆ ಕಾಯಿಸಿ ತಿಕ್ಕುತ್ತಾನೆ, ಜೊತೆಗೆ ಭಜನೆಯನ್ನೂ ಹಾಡುತ್ತಾನೆ, ಅದಕ್ಕೆ ಬೇರೆ ಚಾರ್ಜಿಲ್ಲ. ಸೋಲಾಪುರದ ಒಬ್ಬ ವೈದ್ಯರು ಮಾತು ಬರಿಸುವ ತಾಲೀಮು ಕೊಡುತ್ತಾರಂತೆ. ತಿಂಗಳುಗಟ್ಟಲೆ ಅಲ್ಲೇ ಇರಬೇಕಾದೀತು. ಖರ್ಚಿನದು, ಆದರೆ ಬಾಯಿ ಬರಬಹುದಂತೆ. ಆಗ ಫೋನು ಕಡಿಮೆಯಾದರೆ ಫಿಕರ್ ಮಾಡಬೇಡ.

ಉಳಿದದ್ದು ಮುಂದಿನ ಪತ್ರದಲ್ಲಿ.

ಗುರುನಾಥ


ಮೆಲ್ಬರ್ನ್
20 ಜುಲೈ 2025

ತೀರ್ಥಸ್ವರೂಪ ಮಾಮಾ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಓದಿ ಇಡೀ ದಿನ ನೆಲದ ಮೇಲೆ ನನ್ನ ಕಾಲು ನಿಲ್ಲಲಿಲ್ಲ. ಬಾಯಿ ಬರಬಹುದು! ಒಂದೇ ಸಲ "ಉಜ್ಜು" ಅಂದರೆ ಸಾಕು, ಆಮೇಲೆ ಬೇಕಾದರೆ ಜೀವನವಿಡೀ ಬೈಯಲಿ.

ಎರಡು ಲಕ್ಷ ಅರವತ್ತು ಸಾವಿರ ನಿಮ್ಮ ಖಾತೆಗೆ ಹಾಕಿದ್ದೇನೆ. ಎಲ್ಲಿಂದ ಎಂದು ಕೇಳಬೇಡಿ. ಇಟ್ಟಿದ್ದೆ, ಕಳಿಸಿದೆ. ಸೋಲಾಪುರದವರಿಗೆ ಮುಂಗಡ ಕಟ್ಟಿಬಿಡಿ. ದಿಗಂಬರ ಅವರಿಗೂ ಭಜನೆಯ ಚಾರ್ಜು ಕೊಡಿ, ಪಾಪ.

ಉಜ್ಜು


ಬಸವಕಲ್ಯಾಣ
3 ಆಗಸ್ಟ್ 2025

ಚಿ. ಉಜ್ವಲಾಳಿಗೆ ಆಶೀರ್ವಾದಗಳು.

ದುಡ್ಡು ಮುಟ್ಟಿದೆ. ಬೇರೆ ಖಾತೆ ತೆರೆದು ಇಟ್ಟಿದ್ದೇನೆ. ಶ್ರಾವಣ ಮುಗಿಯಲಿ ಎಂದಿದ್ದಾರೆ ಸೋಲಾಪುರದವರು. ಇನ್ನು ಒಂದು ಪೈಸೆಯನ್ನೂ ಕಳಿಸಬೇಡ.

ಕಾಲೇಜಿನ ಜುಲೈ ಕಂತು ಕಟ್ಟಿದೆಯಾ? ಇಷ್ಟಕ್ಕೆ ಉತ್ತರ ಬರೆ.

ಗುರುನಾಥ


ಮೆಲ್ಬರ್ನ್
19 ಅಕ್ಟೋಬರ್ 2025

ತೀರ್ಥಸ್ವರೂಪ ಮಾಮಾ ಅವರಿಗೆ ನಮಸ್ಕಾರಗಳು.

ಆಗಸ್ಟಿನಲ್ಲಿ ನೀವು ಒಂದು ಪ್ರಶ್ನೆ ಕೇಳಿದ್ದಿರಿ. ಉತ್ತರ: ಕಟ್ಟಲಿಲ್ಲ. ನಿಮಗೆ ಕಳಿಸಿದ್ದೇ ಆ ಕಂತು.

ದುಡಿದು ಹೊಂದಿಸುತ್ತೇನೆ ಎಂದುಕೊಂಡಿದ್ದೆ. ಊರ ಹೊರಗಿನ ತರಕಾರಿ ಶೆಡ್ಡಿನಲ್ಲಿ ರಾತ್ರಿ ಪಾಳಿ ಹಿಡಿದೆ. ಗಜ್ಜರಿ ತೊಳೆದು ಚೀಲಕ್ಕೆ ತುಂಬುವ ಕೆಲಸ. ಹಗಲು ಕ್ಲಾಸಿನಲ್ಲಿ ತಲೆ ಬೆಂಚಿನ ಮೇಲೆ ಬೀಳುತ್ತಿತ್ತು, ಆಮೇಲೆ ಹೋಗುವುದೇ ನಿಂತಿತು. ಕಂತು ಇಲ್ಲ, ಹಾಜರಿ ಇಲ್ಲ. ಕಾಲೇಜಿನವರು ಹೆಸರು ತೆಗೆದು ಸರ್ಕಾರಕ್ಕೆ ತಿಳಿಸಿದರು. ಸರ್ಕಾರ ಕಾರಣ ಕೇಳಿ ಪತ್ರ ಬರೆಯಿತು. ನಾಚಿಕೆಯಿಂದ ಏನೂ ಬರೆಯದೆ ಕೂತೆ. ಈಗ ನನ್ನ ವೀಸಾ ರದ್ದಾಗಿದೆ.

ಮೇಲ್ಮನವಿ ಹಾಕಿದ್ದೇನೆ. ಅದರ ತೀರ್ಪು ಬರುವವರೆಗೆ ಇರಬಹುದು. ಸೋತರೆ ಗಂಟು ಕಟ್ಟಬೇಕು, ಮತ್ತೆ ವರ್ಷಗಟ್ಟಲೆ ಈ ದೇಶದ ಬಾಗಿಲು ತೆರೆಯುವುದಿಲ್ಲ. ಅರ್ಧ ಓದಿದ ಓದಿಗೆ ಎಲ್ಲೂ ಬೆಲೆಯಿಲ್ಲ. ಅವ್ವನ ಖಾನಾವಳಿ ಮಾರಿ ಬಂದವಳು ನಾನು.

ವಕೀಲರು ಅಮೀರ ಸಾಹೇಬರೆಂದು, ಹೈದರಾಬಾದಿನವರು. ನಾನು ಅತ್ತರೆ, "ಆಂಸೂ ನಕ್ಕೋ ಬೇಟೀ, ಕಾಗಜ್ ಹೋನಾ", ಕಣ್ಣೀರು ಬೇಡ, ಕಾಗದ ಬೇಕು ಎಂದರು. ನನ್ನ ಕೈಮೀರಿದ ಕಾರಣ ಇತ್ತೆಂದು ತೋರಿಸಬೇಕಂತೆ. ಅವ್ವನ ಲಕ್ವಾ ಜನವರಿಯದು, ಅದಾದ ಮೇಲೂ ನಾನು ಪಾಸಾಗಿದ್ದೇನೆ, ಹಾಗಾಗಿ ಅದು ನಿಲ್ಲುವುದಿಲ್ಲ. "ಮೇ, ಜೂನ್ ಆಜೂಬಾಜೂ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೇ? ತಂದೆ, ತಾಯಿ? ಪರೀಕ್ಷೆ ಮುಗಿದ ಮೇಲೆ ನಿನಗೆ ಸುದ್ದಿ ತಿಳಿದಿದ್ದರೂ ಕೇಸಿಗೆ ಕಾಲು ಬರುತ್ತದೆ" ಎಂದು ಕೇಳಿದರು. ಶಿವಶಿವಾ ಎಂದು ಕುರ್ಚಿ ಬಿಟ್ಟು ಎದ್ದೆ. ಅಂಥ ಮಾತನ್ನು ಕಿವಿಯಲ್ಲಿ ಕೇಳುವುದೂ ಬೇಡ.

ಸೋಲಾಪುರದವರು ಇನ್ನೂ ಕರೆದಿಲ್ಲವೆಂದು ಅವ್ವನ ದುಡ್ಡನ್ನು ವಾಪಸ್ ಕಳಿಸುತ್ತೇನೆ ಎಂದು ಮಾತ್ರ ಬರೆಯಬೇಡಿ. ಹೆಸರು ಹೇಗೂ ಹೋಗಿದೆ. ಆ ದುಡ್ಡಾದರೂ ಅವಳ ಬಾಯಿಗೆ ಬರಲಿ.

ಉಜ್ಜು


ಬಸವಕಲ್ಯಾಣ
22 ಅಕ್ಟೋಬರ್ 2025

ಉಜ್ಜು,

ವಕೀಲರು ಕೇಳಿದ ಕಾಗದ ನನ್ನ ಕಪಾಟಿನಲ್ಲಿದೆ. ಪುರಸಭೆಯ ಸಿಕ್ಕಾ ಸಮೇತ. ಜೂನ್ ತಿಂಗಳಲ್ಲೇ ತಂದಿಟ್ಟದ್ದು.

ಸೋಲಾಪುರದ ವೈದ್ಯರು ಇಲ್ಲ. ಹುಲಸೂರಿನ ದಿಗಂಬರನೂ ಇಲ್ಲ. ನಾಲ್ಕು ಸಾಲಿನ ಸುಳ್ಳಿಗೆ ಮೈ ತುಂಬಲೆಂದು ಅವರನ್ನು ಹುಟ್ಟಿಸಿದೆ, ಎಳ್ಳೆಣ್ಣೆಯನ್ನೂ ಕಾಯಿಸಿದೆ. ವ್ಯಾಪಾರದಲ್ಲಿ ಹಾಗೇ, ಬಣ್ಣ ಹೊಡೆಯದ ಲಾರಿಯನ್ನು ಗಿರಾಕಿ ನಂಬುವುದಿಲ್ಲ. ನೀನು ನಂಬಿ ಕಂತು ಕಳಿಸಿದೆ, ಗಜ್ಜರಿ ತೊಳೆದೆ. ನಿನ್ನ ವೀಸಾ ರದ್ದು ಮಾಡಿದ್ದು ಸರ್ಕಾರವಲ್ಲ, ನನ್ನ ಎಳ್ಳೆಣ್ಣೆ.

ಬಡಿಯುವುದು ನಿನ್ನ ಮಾಮಿ. ಇವತ್ತು ಫೋನ್ ಇಟ್ಟು ಸಿಡಿದಳು: "ನಾ ಇನ್ನ ಬಡ್ಯಂಗಿಲ್ರಿ. ಆ ಹುಡಿಗಿ 'ಅವ್ವಾ' ಅಂದಾಗೆಲ್ಲ ನನ್ನ ಕೈ ತಣ್ಣಗಾಗ್ತದ. ನೀವೇ ಬಡೀರಿ, ಇಲ್ಲಾಂದ್ರ ಖರೆ ಹೇಳ್ರಿ."

ಖರೆ ಹೇಳಿದರೆ ಏನಾಗುತ್ತದೆ? ವೀಸಾ ಹೋದ ಹುಡುಗಿ, ಪರದೇಶದ ಖೋಲಿ, ಪಕ್ಕದಲ್ಲಿ ತಲೆ ಇಟ್ಟು ಅಳಲು ಒಬ್ಬರ ಹೆಗಲಿಲ್ಲ. ಉಣಿಸಿ ಹೇಳುವವರಿಲ್ಲ. ಹೇಳದಿದ್ದರೆ ಕೇಸಿಗೆ ಕಾಲಿಲ್ಲ.

ಎರಡೂ ದಂಡೆ ಹಿಡಿಯುವ ದಾರಿ ಒಂದು ಹೊಳೆದಿದೆ. ಸಾವಿನ ಲಾಭ ನಿನಗೆ ಸಿಗಬೇಕು, ಅದರ ದುಃಖ ತಾಗಬಾರದು. ಕಾಗದ ಖರೆಯದೇ ಕಳಿಸುತ್ತೇನೆ, ಸುಳ್ಳು ಎಂದು ಹೇಳಿ.

ಕೇಸು ಮುಗಿಯುವತನಕ ಬಡಿ ಎಂದು ನಿನ್ನ ಮಾಮಿಯನ್ನು ಒಪ್ಪಿಸಿದ್ದೇನೆ. ಹಾಗಾಗಿ ಈ ಪತ್ರವೂ ಕಪಾಟಿಗೆ.


ಬಸವಕಲ್ಯಾಣ
26 ಅಕ್ಟೋಬರ್ 2025

ಚಿ. ಉಜ್ವಲಾಳಿಗೆ ಆಶೀರ್ವಾದಗಳು.

ಬೈಯುವುದನ್ನು ಮುಂದಕ್ಕೆ ಇಟ್ಟಿದ್ದೇನೆ, ಬಡ್ಡಿ ಸೇರಿಸಿ ಬೈಯುತ್ತೇನೆ. ಈಗ ಕೆಲಸದ ಮಾತು.

ಜೊತೆಗಿರುವ ಕಾಗದ ನೋಡಿ ಎದೆ ಒಡೆದುಕೊಳ್ಳಬೇಡ. ಅವ್ವನ ಹೆಸರಿನಲ್ಲಿ ಒಂದು ಮರಣ ಪತ್ರ ಮಾಡಿಸಿದ್ದೇನೆ. ಮೇ ಮೂವತ್ತರ ತಾರೀಖು ಹಾಕಿಸಿದ್ದೇನೆ, ನಿನ್ನ ವಕೀಲರು ಕೇಳಿದ ಆಜೂಬಾಜೂ. ಯಾರು ಮಾಡಿಕೊಟ್ಟರು, ಎಷ್ಟಾಯಿತು ಎಂದು ಕೇಳಬೇಡ. ಕೆಲಸ ಪಕ್ಕಾ ಇದೆ, ಯಾವನೂ ಸುಳ್ಳು ಎನ್ನಲಾರ.

ಅಪಶಕುನ ಎನ್ನುತ್ತೀ, ಗೊತ್ತು. ಹಿರಿಯರು ಹೇಳುವುದು ಉಲ್ಟಾ ಇದೆ: ಸತ್ತರೆಂದು ಸುಳ್ಳು ಸುದ್ದಿ ಹಬ್ಬಿದರೆ ಆಯುಷ್ಯ ಹೆಚ್ಚುತ್ತದೆ. ಅವ್ವನಿಗೆ ಹೇಳಿದೆ. ಬೇಡ ಅನ್ನಲಿಲ್ಲ.

ವಕೀಲರ ಮೇಲ್ ವಿಳಾಸ ಕಳಿಸು. ಅವರ ಫೀಸು ಶೆಡ್ಡಿನ ಗಲ್ಲೆಯಿಂದ.

ಗುರುನಾಥ


ಮೆಲ್ಬರ್ನ್
10 ನವೆಂಬರ್ 2025

ಮಾಮಾ ಅವರಿಗೆ ನಮಸ್ಕಾರಗಳು.

ಆ ಕಾಗದವನ್ನು ಒಂದೇ ಸಲ ತೆರೆದೆ. "ಮೃತರ ಹೆಸರು" ಎಂಬಲ್ಲಿ ಅವ್ವನ ಹೆಸರು ನೋಡಿ ಮೊಬೈಲನ್ನು ಬೋರಲು ಹಾಕಿದೆ. ಮತ್ತೆ ತೆರೆದಿಲ್ಲ. ಹೇಗೆ ಮನಸ್ಸು ಬಂತು ನಿಮಗೆ? ಬೇರೆ ಯಾರ ಹೆಸರೂ ಸಿಗಲಿಲ್ಲವೇ?

ಜಗಳ ಮಾಡಬೇಕೆಂದು ಫೋನ್ ಮಾಡಿದ್ದೆ. ಮಾಮಿ ಅವ್ವನ ಹತ್ತಿರ ಹಿಡಿದರು. "ಅವ್ವಾ, ನೀ ಸತ್ತೀ ಅಂತ ಬರೆಸ್ಯಾನ ಮಾಮಾ. ನಾ ಕೊಡ್ಲೇನ?" ಎಂದೆ. ಯಾರೋ ಬಿಕ್ಕಿದ ಹಾಗೆ ಕೇಳಿಸಿತು, ಮಾಮಿ ಇರಬೇಕು. ಆಮೇಲೆ ಒಂದು ಸಲ ಬಡಿದಳು. ಒಂದೇ ಸಲ.

ನನಗಾಗಿ ಸಾಯಲಿಕ್ಕೂ ತಯಾರು ಅವಳು. ಅದಕ್ಕೇ ನನಗೆ ಅದು ಬೇಡ. ವಕೀಲರ ವಿಳಾಸ ಕೇಳಿದ್ದಿರಿ, ಫೀಸಿನ ಸಲುವಾಗಿ ಮಾತ್ರ ಕೊಡುತ್ತಿದ್ದೇನೆ.

ಉಜ್ವಲಾ


ಬಸವಕಲ್ಯಾಣ
23 ನವೆಂಬರ್ 2025

ಚಿ. ಉಜ್ವಲಾಳಿಗೆ ಆಶೀರ್ವಾದಗಳು.

ಕಾಗದವನ್ನು ಅಮೀರ ಸಾಹೇಬರಿಗೆ ಖಾಜಾನ ಅಂಗಡಿಯಿಂದ ನಾನೇ ಕಳಿಸಿಬಿಟ್ಟಿದ್ದೇನೆ. ಅವರಿಗೆ ಅದು ಅಸಲಿ ಎಂದೇ ಬರೆದಿದ್ದೇನೆ. ನೀನು ಏನೂ ಹೇಳುವುದು ಬೇಡ, ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಸುಳ್ಳಲ್ಲ.

ಸಿಟ್ಟು ಇಳಿದ ಮೇಲೆ ಬರೆ.

ಗುರುನಾಥ


ಮೆಲ್ಬರ್ನ್
8 ಫೆಬ್ರವರಿ 2026

ಮಾಮಾ ಅವರಿಗೆ ನಮಸ್ಕಾರಗಳು.

ಇಷ್ಟು ದಿನ ಬರೆಯಲಿಲ್ಲ. ಮೊನ್ನೆ ವಿಚಾರಣೆ ಮುಗಿಯಿತು, ಅದನ್ನು ತಿಳಿಸುತ್ತೇನೆ.

ನಿಮ್ಮ ಮೇಲ್ ಮುಟ್ಟಿದ ಮರುದಿನವೇ ವಕೀಲರ ಆಫೀಸಿಗೆ ಹೋಗಿದ್ದೆ, ಕಾಗದ ಸುಳ್ಳೆಂದು ಹೇಳಲು. ಒಳಗೆ ಕಾಲಿಟ್ಟ ಕೂಡಲೇ ಅಮೀರ ಸಾಹೇಬರು ಎದ್ದು ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು. "ಪೆಹಲೇ ಕಾಯಕೂ ನಹೀ ಬೋಲೀ ಬೇಟೀ?" ಮೊದಲೇ ಯಾಕೆ ಹೇಳಲಿಲ್ಲ ಎಂದು ಅವರ ಕಣ್ಣಲ್ಲಿ ನೀರು. ನೀವು ಹೇಳಿದ ಹಾಗೆ ಸುಮ್ಮನಿದ್ದೆ. ಆವತ್ತಿನಿಂದ ಅವರು ನನಗೆ ಚಹಾ ತರಿಸಿಕೊಡತೊಡಗಿದರು. ಒಂದೊಂದು ಕಪ್ಪನ್ನೂ ತುಂಬಿದ ಹಾಗೇ ಮೇಜಿನ ಮೇಲೆ ಬಿಟ್ಟು ಬರುತ್ತಿದ್ದೆ.

ಮೇಲ್ಮನವಿ ಕೇಳುವ ಮಂಡಳಿಯಲ್ಲಿ ಕೂತಿದ್ದು ಒಬ್ಬ ವಯಸ್ಸಾದ ಹೆಂಗಸು. ಸಖುಬಾಯಿಯ ವಯಸ್ಸು. ದುಭಾಷಿ ಬೇಕೇ ಎಂದರು, ಬೇಡವೆಂದೆ. ಸತ್ಯ ಹೇಳುತ್ತೇನೆಂದು ಪ್ರಮಾಣ ಮಾಡಿಸಿದರು. ಕಾಗದಗಳನ್ನೆಲ್ಲ ತಿರುವಿ, ಕನ್ನಡಕ ತೆಗೆದು, "ನಿಮ್ಮ ತಾಯಿಯ ವಿಷಯ ಓದಿ ದುಃಖವಾಯಿತು. ಆ ಸುದ್ದಿ ತಿಳಿದ ದಿನ ಏನಾಯಿತೆಂದು ನಿಮ್ಮದೇ ಮಾತಿನಲ್ಲಿ ಹೇಳಿ. ಅವಸರವಿಲ್ಲ" ಎಂದರು.

ಅಷ್ಟು ಮೆತ್ತಗೆ ಕೇಳಿದರು ಮಾಮಾ. ಬಿರುಸಾಗಿ ಕೇಳಿದ್ದರೆ ಸುಳ್ಳು ಹೇಳಿಬಿಡುತ್ತಿದ್ದೆನೋ ಏನೋ. ಹಿಂದಿನ ದಿನವಷ್ಟೇ ಅವ್ವ "ಉಂಡೆ" ಎಂದು ಬಡಿದಿದ್ದಳು. ಅವಳನ್ನು ನನ್ನ ಬಾಯಾರೆ ಹೇಗೆ ಸಾಯಿಸಲಿ? ಅಂದದ್ದು ಹತ್ತಿದರೆ? ಎದ್ದು ನಿಂತು ಹೇಳಿಬಿಟ್ಟೆ: "ಆ ಕಾಗದ ಸುಳ್ಳು. ನನ್ನ ತಾಯಿ ಬದುಕಿದ್ದಾಳೆ."

ಅಮೀರ ಸಾಹೇಬರ ಕೈಯಿಂದ ಪೆನ್ನು ಬಿತ್ತು. ಹೊರಗೆ ಬಂದ ಮೇಲೆ, "ಜಿಂದಾ ಹೈ ತೋ ಯೇ ಕಾಗಜ್ ಕಿಸ್ಕಾ? ನಿನ್ನ ಮಾಮಾ ನನ್ನ ಲೈಸೆನ್ಸಿಗೇ ಮಣ್ಣು ಕೊಡಲು ಹೊರಟಿದ್ದನಲ್ಲ!" ಎಂದು ಕೂಗಿದರು. ಬೇರೆ ಹೇಳುವುದಿದ್ದರೆ ತಿಂಗಳೊಳಗೆ ಬರೆದು ಕೊಡಿ ಎಂದು ಮಂಡಳಿ ಅವಕಾಶ ಕೊಟ್ಟಿದೆ. ಕೊಡುವುದು ಏನೂ ಇಲ್ಲ.

ಸೋಲುತ್ತೇನೆ, ಗೊತ್ತು. ಆದರೂ ಆವತ್ತು ಗಡದ್ದಾಗಿ ಉಂಡೆ. ವೀಸಾ ಹೋದರೆ ಹೋಗಲಿ, ಅವ್ವನನ್ನು ಉಳಿಸಿಕೊಂಡು ಬಂದೆ.

ಉಜ್ವಲಾ


ಬಸವಕಲ್ಯಾಣ
11 ಫೆಬ್ರವರಿ 2026

ಉಜ್ಜು,

ಕೈಮುಗಿದು ಬರೆಯುತ್ತೇನೆ. ತಿಂಗಳು ಇದೆಯಲ್ಲ, ಅಷ್ಟರೊಳಗೆ ಕಾಗದ ಖರೆಯದು ಎಂದು ಬರೆದು ಕೊಡು. ನೋಂದಣಿ ಅಸಲಿ, ಸಿಕ್ಕಾ ಅಸಲಿ, ತಾರೀಖು ಅಸಲಿ. ಆವತ್ತು ಗಾಬರಿಯಲ್ಲಿ ಅಂದೆ ಎಂದು ಬರೆ. ಬೇಕಾದರೆ ಪುರಸಭೆಯಿಂದ ಇನ್ನೊಂದು ಪ್ರತಿ ತೆಗೆಸಿ ಕಳಿಸುತ್ತೇನೆ. ಖರೆ ಎಂದರೆ ಖರೆಯೇ ಉಜ್ಜು. ಮಾಮಾನ ಮಾತು ನಂಬು.

ಗುರುನಾಥ


ಮೆಲ್ಬರ್ನ್
15 ಫೆಬ್ರವರಿ 2026

ಮಾಮಾ,

ಸುಳ್ಳನ್ನು ಇಷ್ಟು ಗಟ್ಟಿಯಾಗಿ ಖರೆ ಎನ್ನುವವರನ್ನು ನಾನು ನೋಡಿಲ್ಲ. ಲಾರಿ ಮಾರುವಾಗ ಹೀಗೇ ಮಾತಾಡುತ್ತೀರೇನೋ. ಆದರೆ ಅವಳು ನಿಮ್ಮ ಒಡಹುಟ್ಟಿದ ಅಕ್ಕ.

ನಾನು ಬರೆದು ಕೊಡುವುದಿಲ್ಲ. ಸೋತು ಬಂದರೆ ಒಂದು ಲಾಭವಂತೂ ಇದೆ, ಅವ್ವನ ಮಗ್ಗುಲಲ್ಲಿ ಮಲಗುತ್ತೇನೆ. ಕೈಯಲ್ಲಿ ಹಿಸುಕಿ ತಾಲೀಮು ಮಾಡುವ ಒಂದು ರಬ್ಬರಿನ ಚೆಂಡು ಕೊಂಡಿಟ್ಟಿದ್ದೇನೆ ಅವಳಿಗೆ. ಕೆಂಪನೆಯದು.


ಮೆಲ್ಬರ್ನ್
14 ಮಾರ್ಚ್ 2026

ಮಾಮಾ,

ತೀರ್ಪು ಬಂದಿದೆ. ರದ್ದು ಮಾಡಿದ್ದು ಸರಿ ಎಂದಿದೆ. ಒಂದು ಪ್ಯಾರಾ ನಿಮಗಾಗಿ ಕನ್ನಡ ಮಾಡಿದ್ದೇನೆ.

"ಮರಣ ಪತ್ರದ ಮೂಲೆಯಲ್ಲಿರುವ ಕ್ಯೂಆರ್ ಕೋಡನ್ನು ಮಂಡಳಿ ಪರಿಶೀಲಿಸಿತು. ದಾಖಲೆ ಸರ್ಕಾರಿ ನೋಂದಣಿಯಲ್ಲಿ ಇದ್ದು ಅಸಲಿಯಾಗಿ ಕಾಣುತ್ತದೆ. ಆದರೆ ಅರ್ಜಿದಾರಳು ತಾಯಿ ಬದುಕಿದ್ದಾಳೆಂದು ಪ್ರಮಾಣ ಮಾಡಿ ನುಡಿದಿದ್ದಾಳೆ. ಒಂದೋ ಆಕೆ ಸುಳ್ಳು ಹೇಳಿದ್ದಾಳೆ, ಇಲ್ಲವೇ ನೋಂದಣಿಯಲ್ಲೇ ಸುಳ್ಳು ಸೇರಿದೆ. ಮೂರನೆಯದಾಗಿ, ತಾಯಿ ತೀರಿದ್ದು ಆಕೆಗೆ ನಿಜಕ್ಕೂ ತಿಳಿದಿರದಿದ್ದರೆ, ತಿಳಿಯದ ಸಾವು ಆಕೆ ಓದು ಬಿಡಲು ಕಾರಣವಾಗಿರಲಾರದು."

ಮೂರನೆಯ ಸಾಲನ್ನು ಬಸ್‌ಸ್ಟಾಪಿನಲ್ಲಿ ನಿಂತು ಓದಿದೆ. ಬಸ್ಸು ಬಂದು ಹೋಯಿತು. ಆ ಕಾಗದ ತೆರೆದು ಕೋಡಿನ ಮೇಲೆ ನಾನೂ ಮೊಬೈಲ್ ಹಿಡಿದೆ. ನೀವು ಅಕ್ಟೋಬರಿನಲ್ಲಿ ಮಾಡಿಸಿದ್ದು ಎಂದಿರಿ. ನೋಂದಣಿಯಾದ ದಿನ ಒಂಬತ್ತು ಜೂನ್ 2025 ಎಂದಿದೆ. ಆಗ ನನಗೆ ವೀಸಾದ ತಕರಾರೇ ಇರಲಿಲ್ಲ, ವಕೀಲರೂ ಇರಲಿಲ್ಲ. ಸುಳ್ಳು ಕಾಗದವನ್ನು ಯಾರಾದರೂ ನಾಲ್ಕು ತಿಂಗಳು ಮೊದಲೇ ಮಾಡಿಸಿಡುತ್ತಾರೆಯೇ?

ಕಾರಣ ಅದೇ ಆಗಿತ್ತು ಮಾಮಾ. ತಿಳಿಯದ ಸಾವೇ ಕಾರಣವಾಗಿತ್ತು. ಅದನ್ನು ಅವರಿಗೆ ಯಾರು ಹೇಳಬೇಕಿತ್ತು?

ಹೋದ ವಾರ "ಅವ್ವಾ, ಚೆಂಡು ತರಲೇನ?" ಎಂದು ಕೇಳಿದಾಗ ಟಕ್ ಎಂದದ್ದು ಯಾರ ಬೆರಳು? ಇಷ್ಟಕ್ಕೆ ಉತ್ತರ ಬರೆಯಿರಿ.


ಹುಮನಾಬಾದ
6 ಏಪ್ರಿಲ್ 2026

ನಿಮ್ಮ ಉತ್ತರ ಬರಲಿಲ್ಲ. ನಾನೇ ಬಂದಿದ್ದೇನೆ. ಬಂದು ಐದು ದಿನವಾಯಿತು. ಅವ್ವನ ಮನೆಯ ಕೀಲಿ ಒಡೆಸಿದೆ. ಕುಣಿಯನ್ನೂ ನೋಡಿ ಬಂದೆ. ಅಲ್ಲಿ ಹುಲ್ಲು ಒಂದು ಸಲ ಬೆಳೆದು ಒಣಗಿದೆ.

ನೀವು ಬಾಗಿಲಿಗೆ ಬರಬೇಡಿ. ಮಾಮಿ ನಿನ್ನೆ ಬಂದಿದ್ದರು. ಕಟ್ಟೆಯ ಮೇಲೆ ಕೂತು ಅತ್ತು ಹೋದರು. ಬೆರಳು ಯಾರದೆಂದು ಅವರೇ ಹೇಳಿದರು. ನೀವು ಕಳಿಸದೆ ಇಟ್ಟಿದ್ದ ಎರಡು ಪತ್ರಗಳನ್ನು ಕಪಾಟಿನಿಂದ ತೆಗೆದು ತಂದು ಕೊಟ್ಟರು. ಓದಿದೆ.

ನನಗೆ ಸಮಾಧಾನದ ಮಾತು ಬೇಡ. ನಿಮಗೆ ಬರುವುದು ಲೆಕ್ಕ. ಯಾರಿಗೆ ಏನು ದಕ್ಕಿತೆಂದು ಲೆಕ್ಕ ಬರೆದು ಖಾಜಾ ಅಣ್ಣನ ಕೈಯಲ್ಲಿ ಕಳಿಸಿರಿ.

ಉಜ್ವಲಾ ಮಾಣಿಕಮ್ಮ


ಬಸವಕಲ್ಯಾಣ
9 ಏಪ್ರಿಲ್ 2026

ಚಿ. ಉಜ್ವಲಾಳಿಗೆ.

ಒಂದು ತಾಸಿನ ದಾರಿ. ನೀನು ಮೆಲ್ಬರ್ನಿನಲ್ಲಿದ್ದಾಗ ಇದಕ್ಕಿಂತ ಹತ್ತಿರ ಇದ್ದೆ. ಕೇಳಿದ್ದನ್ನು ಬರೆಯುತ್ತೇನೆ.

ಬರೆಯುವ ಮುಂಚೆ, ಲೆಕ್ಕಕ್ಕೆ ಹಿಡಿಯಲಾಗದ್ದು ಒಂದಿದೆ. ಆ ಮುಂಜಾನೆ ಅಕ್ಕ ಎರಡು ಸಲ ಬಡಿದದ್ದನ್ನು ನಾನು ಬೇಡ ಎಂದು ಜಮಾ ಮಾಡಿಕೊಂಡೆ. ನಿನ್ನ ಮಾಮಿ ಈಗ ಹೇಳುತ್ತಾಳೆ, "ಒಮ್ಮೆ ಬಡದ್ಳು. ಎರಡನೇದು ಕೈ ಕೆಳಗ ಬಿದ್ದದ್ದು." ಆಕೆ ಮಂಚದ ಆ ಮಗ್ಗುಲಿನಲ್ಲಿದ್ದಳು, ನಾನು ಈ ಮಗ್ಗುಲಿನಲ್ಲಿದ್ದೆ. ತಾಳೆ ನೋಡಲು ಮೂರನೆಯವರಿಲ್ಲ.

ಇನ್ನು ದಕ್ಕಿದ್ದು.

ಮಂಡಳಿಗೆ ಅರ್ಜಿಯ ಶುಲ್ಕ ದಕ್ಕಿತು. ಅಮೀರ ಸಾಹೇಬರಿಗೆ ಅರ್ಧ ಫೀಸು; ಉಳಿದರ್ಧ ಕಳಿಸಿದ್ದೆ, "ಮಾಫ್ ಕರೋ" ಎಂದು ವಾಪಸ್ ಮಾಡಿದರು. ಕಾಲೇಜಿಗೆ ಒಂದು ಕುರ್ಚಿ ಖಾಲಿಯಾಯಿತು, ಬೇರೆಯವರು ಕೂತಿರಬೇಕು. ತರಕಾರಿ ಶೆಡ್ಡಿನವನಿಗೆ ತೊಳೆದ ಗಜ್ಜರಿ. ಖಾಜಾನಿಗೆ ಪ್ರಿಂಟಿನ ದುಡ್ಡು. ಎಲ್ಲ ಪತ್ರವನ್ನೂ ಓದಿ ಬಾಯಿ ಮುಚ್ಚಿಕೊಂಡಿದ್ದಕ್ಕೆ ಅವನು ಏನೂ ಹಿಡಿಯಲಿಲ್ಲ.

ಸೋಲಾಪುರದ ವೈದ್ಯರಿಗೂ ದಿಗಂಬರನಿಗೂ ಸೊನ್ನೆ.

ಓಣಿಗೆ, ಗುಟ್ಟು ಇಟ್ಟುಕೊಂಡೆವೆಂಬ ಹೆಮ್ಮೆ. ಸಖುಬಾಯಿ ನಿನ್ನೆಯೂ ಅಂದಳು: "ನಾ ಪರೀಕ್ಷಿತನಕ ಅಂದಿದ್ದೆ ಗುರುನಾಥ, ಜಲ್ಮತನಕ ಅಂದಿದ್ದಿಲ್ಲ." ಆಕೆಯದು ಬಾಕಿ ಇಲ್ಲ.

ನಿನ್ನ ಮಾಮಿಗೆ ಒಂದು ಚಟ ಹತ್ತಿದೆ. ಯಾರಾದರೂ "ಉಂಡೆಯಾ" ಎಂದು ಕೇಳಿದರೆ ಬಾಯಿಗಿಂತ ಮೊದಲು ಬೆರಳು ತಟ್ಟೆಗೆ ಬಡಿಯುತ್ತದೆ.

ಅಕ್ಕನಿಗೆ ನೀಲಿ ಸೀರೆ.

ನಿನಗೆ ಎರಡು ಲಕ್ಷ ಅರವತ್ತು ಸಾವಿರ, ಅದರ ಬಡ್ಡಿ. ಪಾಸ್‌ಬುಕ್ ಇದರೊಳಗಿದೆ, ಒಂದು ಪೈಸೆ ಮುಟ್ಟಿಲ್ಲ. ಹುಮನಾಬಾದದ ಮನೆ. ಕೆಂಪು ಚೆಂಡು.

ನನಗೆ ದಕ್ಕಿದ್ದು ಇಷ್ಟು: ಹತ್ತು ತಿಂಗಳು ನೀನು "ಅವ್ವ ಹೇಗಿದ್ದಾಳೆ" ಎಂದು ಕೇಳುತ್ತಿದ್ದೆ, ನಾನು ಆರಾಮ ಇದ್ದಾಳೆ ಎನ್ನುತ್ತಿದ್ದೆ. ಅಷ್ಟು ದಿನ ನನ್ನ ಅಕ್ಕನೂ ಸತ್ತಿರಲಿಲ್ಲ.

ಗುರುನಾಥ